ಏಳು ಡಿಗ್ರಿಯಾಚೆಯ ಸಮಾಧಿ

ಪುರಾತತ್ವ ಕಚೇರಿಗೆಲ್ಲ ಅವರು ಅರೆಮಿಲ್ಲಿ ಅಕ್ಕ. ಹಳೆಯ ಕಲ್ಲುಸಮಾಧಿಗಳ ನಕ್ಷೆಯನ್ನು ನಿಜದ ಇಪ್ಪತ್ತನೇ ಒಂದು ಪಾಲಿಗೆ ಇಳಿಸಿ ಬರೆಯುವುದು ಅಲ್ಲಿನ ರೂಢಿ. ಆ ಅಳತೆಯಲ್ಲಿ ಕಾಗದದ ಮೇಲೆ ಪೆನ್ಸಿಲ್ ಅರ್ಧ ಮಿಲ್ಲಿಮೀಟರ್ ಜಾರಿದರೆ ನೆಲದ ಮೇಲಿನ ಕಲ್ಲು ಒಂದು ಸೆಂಟಿಮೀಟರ್ ಜರುಗಿದಂತೆ. ಹೊಸಬರ ನಕ್ಷೆಯಲ್ಲಿ ಅಂಥ ಜಾರು ಕಂಡರೆ ಅಕ್ಕ ರೇಗುತ್ತಿರಲಿಲ್ಲ. ಐದು ಸಾವಿರ ವರ್ಷದಿಂದ ಅಲ್ಲಾಡದೆ ನಿಂತ ಹತ್ತು ಟನ್ ಕಲ್ಲನ್ನು ಒಂದೇ ಕೈಯಲ್ಲಿ ಸರಿಸಿದೆಯಲ್ಲ, ಊಟಕ್ಕೇನು ತಿನ್ನುತ್ತೀಯಪ್ಪ ಎಂದು ಕೇಳಿ, ಹಾಳೆಯನ್ನು ವಾಪಸು ಕೊಡುತ್ತಿದ್ದರು.

ಅವರು ಈ ಕೆಲಸಕ್ಕೆ ಬಂದದ್ದು ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದರಿಂದ. ಅಲ್ಲಿ ಮೂರು ವರ್ಷ ಬಿಡಿಭಾಗಗಳ ನಕ್ಷೆ ಬರೆದಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ, ಮೂರು ತಿಂಗಳ ಮಟ್ಟಿಗೆ ನಕ್ಷೆ ಬರೆಯುವವರು ಬೇಕೆಂಬ ಪುರಾತತ್ವ ಕಚೇರಿಯ ಜಾಹೀರಾತು ನೋಡಿ ಅರ್ಜಿ ಹಾಕಿದರು. ಆ ಮೂರು ತಿಂಗಳು ಮುಗಿಯಲು ಮೂವತ್ತನಾಲ್ಕು ವರ್ಷ ಹಿಡಿಯಿತು. ಮೊದಲ ದಿನ ಹಿರಿಯ ನಕ್ಷೆಗಾರರು ಮುಷ್ಟಿ ಗಾತ್ರದ ಕಲ್ಲೊಂದನ್ನು ಮೇಜಿನ ಮೇಲಿಟ್ಟು ಬರೆಯಲು ಹೇಳಿದರು. ಪಂಪಿನ ಮೇಲೆ ಪಳಗಿದ ಕೈ. ಎರಡು ಬದಿ ಸಮ, ಅಂಚು ನುಣುಪು, ನೋಡಲು ಬಲು ಚಂದ. ಹಿರಿಯರು ಅದೇ ಗಾತ್ರದ ಇನ್ನೂ ಐದು ಕಲ್ಲು ತಂದು ಜೊತೆಗಿಟ್ಟು, ಕಲಸಿ, ಇವುಗಳಲ್ಲಿ ನೀನು ಬರೆದ ಕಲ್ಲು ಯಾವುದು ಎಂದು ಕೇಳಿದರು. ಆಕೆಗೆ ಗೊತ್ತಾಗಲಿಲ್ಲ.

"ಕಂಡದ್ದನ್ನ ಬರಿ," ಎಂದರು ಹಿರಿಯರು. "ಇರಬೇಕಾದದ್ದನ್ನ ಬರೆಯೋಕೆ ದೇವರಿದ್ದಾನೆ."

ಪಟ್ಟಣದ ಅಂಚಿನ ದಿಬ್ಬದ ಮೇಲೆ ಒಂದು ಸಮಾಧಿ ಇದೆ. ನೆಟ್ಟಗೆ ನಿಂತ ಆರು ಚಪ್ಪಡಿ, ಅವುಗಳ ಮೇಲೊಂದು ಹಾಸುಗಲ್ಲು. ಸುತ್ತಲಿನವರು ಅದನ್ನು ದೊಡ್ಡ ಮೇಜು ಎನ್ನುತ್ತಾರೆ. ಕಟ್ಟಿದವರು ಹೊಸ ಶಿಲಾಯುಗದವರು; ಬೇಸಾಯ ಬಲ್ಲವರು, ಮಡಕೆ ಮಾಡಬಲ್ಲವರು, ಕಲ್ಲನ್ನು ಉಜ್ಜಿ ಉಜ್ಜಿ ಕೊಡಲಿ ಮಾಡಿಕೊಂಡವರು; ಲೋಹದ ಪರಿಚಯವೇ ಇಲ್ಲದವರು. ತಮ್ಮವರು ಸತ್ತಾಗ ಒಬ್ಬೊಬ್ಬರನ್ನೇ ತಂದು ಒಂದೇ ಕೋಣೆಯಲ್ಲಿ ಇಡುತ್ತಿದ್ದರು. ಈ ಸಮಾಧಿಯ ನಕ್ಷೆ ಬರೆಯಲು ಅಕ್ಕನಿಗೆ ನಾಲ್ಕು ಹಂಗಾಮು ಬೇಕಾಯಿತು. ಒಂದು ಮೀಟರ್ ಚೌಕದ ಮರದ ಚೌಕಟ್ಟು, ಅದಕ್ಕೆ ಅಡ್ಡ ಉದ್ದ ಕಟ್ಟಿದ ದಾರ. ಅದನ್ನು ನೆಲದ ಮೇಲಿಟ್ಟು, ಪ್ರತಿ ಚೌಕದೊಳಗೆ ಕಂಡ ಕಲ್ಲನ್ನು ಕಾಗದದ ಅದೇ ಚೌಕಕ್ಕೆ ಇಳಿಸುವುದು. ಮಂಡಿಯೂರಿ, ತಲೆ ನೇರ ಕೆಳಗೆ ಮಾಡಿ ನೋಡಬೇಕು. ಓರೆಯಾಗಿ ನೋಡಿದರೆ ಕಲ್ಲೂ ಓರೆ.

ಅಕ್ಕನ ಜೋಡಿಯಾಗಿ ದುಡಿಯುತ್ತಿದ್ದವರು ಸರಳಿನಣ್ಣ. ಒಂದೂವರೆ ಮೀಟರ್ ಉದ್ದದ ಉಕ್ಕಿನ ಸರಳು, ಮೇಲ್ತುದಿಗೆ ಅಡ್ಡ ಹಿಡಿ. ಉತ್ತ ನೆಲದೊಳಗೆ ಅದನ್ನು ಒತ್ತಿ ಇಳಿಸುತ್ತ ಹೋಗುವುದು ಅವರ ಕೆಲಸ. ಬರಿ ಮಣ್ಣಾದರೆ ಸರಳು ಸದ್ದಿಲ್ಲದೆ ಇಳಿಯುತ್ತದೆ. ಹೂತ ಕಲ್ಲು ತಾಗಿದರೆ ಹಿಡಿಯಲ್ಲಿ ಠಣ್ಣೆನ್ನುತ್ತದೆ. ಒಂದು ಹಂಗಾಮಿನ ಕೊನೆಯಲ್ಲಿ ದಿಬ್ಬದ ಕೆಳಗಿನ ಹೊಲದಲ್ಲಿ ಅವರ ಸರಳು ಹನ್ನೊಂದು ಕಡೆ ಠಣ್ಣೆಂದಿತು. ಹನ್ನೊಂದೂ ಜಾಗಕ್ಕೆ ಗೂಟ ನೆಟ್ಟು ದೂರ ನಿಂತು ನೋಡಿದರೆ ಗೂಟಗಳು ಒಂಬತ್ತು ಮೀಟರ್ ಅಗಲದ ಬಳೆಯ ಹಾಗೆ ನಿಂತಿದ್ದವು. ನಡುವೆ ಇನ್ನೂ ನಾಲ್ಕು ಠಣ್. ದಿಬ್ಬ ಸವೆದು ನೆಲಸಮವಾದ ಇನ್ನೊಂದು ಸಮಾಧಿ!

ಅಗೆಯಲು ಆ ವರ್ಷ ಅನುಮತಿ ಇರಲಿಲ್ಲ. ಬಿತ್ತನೆಗೆ ಹೊಲದವನು ಕಾಯುತ್ತಿದ್ದ. ದೊಡ್ಡ ಮೇಜಿನ ಮೂಲೆಗಲ್ಲಿನಿಂದ ಬಳೆಯ ನಡುವಿಗೆ ದಿಕ್ಸೂಚಿಯಿಂದ ಕೋನ ಹಿಡಿದು, ಟೇಪಿನಿಂದ ದೂರ ಅಳೆದು, ಅಕ್ಕ ಹೊಲದ ಪುಸ್ತಕದಲ್ಲಿ ಬರೆದುಕೊಂಡರು. ಮಾರನೇ ವರ್ಷ ನೋಡೋಣ ಎಂದಾಯಿತು. ಮಾರನೇ ವರ್ಷ ರಸ್ತೆ ಅಗಲ ಮಾಡಿದವರು ಕೆಡವಿದ ಗೋಡೆ, ಇಟ್ಟಿಗೆ, ಕಾಂಕ್ರೀಟು, ತುಕ್ಕು ಕಂಬಿ ಎಲ್ಲವನ್ನೂ ತಂದು ಆ ಹೊಲಕ್ಕೆ ಸುರಿದರು. ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಅದರ ಮೇಲೆ ಹುಲ್ಲು ಬೆಳೆಯಿತು. ಇಲಾಖೆಯ ನಕ್ಷೆಯಲ್ಲಿ ಮಾತ್ರ ಚುಕ್ಕಿ ಗೆರೆಯ ಬಳೆಯೊಂದು, ಪಕ್ಕದಲ್ಲಿ "ಸಮಾಧಿ ೨" ಎಂಬ ಬರಹ, ಉಳಿದುಕೊಂಡವು. ಅಕ್ಕ ಬರೆದ ನೂರಾರು ಸಮಾಧಿಗಳಲ್ಲಿ ಅವರೂ ಸರಳಿನಣ್ಣನೂ ಸೇರಿ ಕಂಡುಹಿಡಿದದ್ದು ಅದೊಂದೇ. ಕಣ್ಣಾರೆ ನೋಡದ್ದೂ ಅದೊಂದೇ.

ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಅಕ್ಕ ತಂಗಿಯ ಮನೆಯ ಮಹಡಿಯಲ್ಲಿದ್ದರು. ಕೆಳಗೆ ತಂಗಿಯ ಲಾಂಡ್ರಿ: ಎರಡು ಯಂತ್ರ, ಒಂದು ಉದ್ದ ಮೇಜು, ಗೋಡೆಯ ಉದ್ದಕ್ಕೂ ನೀರು ತುಂಬಿದ ಹದಿನಾರು ಡ್ರಮ್ಮು. ಆ ಬೀದಿಗೆ ನೀರು ಮೂರು ದಿನಕ್ಕೊಮ್ಮೆ. ತಂಗಿಯ ಜೀವನವೆಲ್ಲ ಡ್ರಮ್ಮಿನಿಂದ ಡ್ರಮ್ಮಿಗೆ. ಆ ಸಮಯದಲ್ಲಿ ನೀರು ಮಂಡಳಿಯವರು ಪಟ್ಟಣಕ್ಕೆ ಹೊಸ ತೊಟ್ಟಿ ಕಟ್ಟಲು ಹೊರಟರು, ಮತ್ತು ಜಾಗವಾಗಿ ಗೊತ್ತು ಮಾಡಿದ್ದು ಆ ಹುಲ್ಲು ಬೆಳೆದ ಹೊಲವನ್ನು.

ನಕ್ಷೆಯಲ್ಲಿ ಚುಕ್ಕಿ ಬಳೆ ಇದ್ದ ಕಾರಣ ಪರೀಕ್ಷೆ ಮಾಡದೆ ತೊಟ್ಟಿ ಕಟ್ಟುವಂತಿರಲಿಲ್ಲ. ಕಚೇರಿಯ ಹೊಸ ಅಧಿಕಾರಿ, ಮೂವತ್ತರ ಆಸುಪಾಸಿನ ತರುಣ, ಬಳೆಯ ಜಾಗದಲ್ಲಿ ಹತ್ತು ಮೀಟರ್ ಉದ್ದದ ಎರಡು ಗುಂಡಿ ತೋಡಿಸಿದ. ಕಸದ ಪದರ ಮುಗಿದು ಹಳೆಯ ಹೊಲದ ಮಣ್ಣು ಬಂತು, ಅದೂ ಮುಗಿದು ನೇಗಿಲು ಮುಟ್ಟದ ಹಳದಿ ಮಣ್ಣು ಬಂತು. ಕಲ್ಲು ಬರಲಿಲ್ಲ. ಆತ ಮನೆಗೆ ಬಂದು, ಲಾಂಡ್ರಿಯ ಮೇಜಿನ ಪಕ್ಕ ನಿಂತುಕೊಂಡೇ ಅಕ್ಕನಿಗೆ ವಿಷಯ ತಿಳಿಸಿದ. ಮೂವತ್ತು ವರ್ಷದಲ್ಲಿ ದಿಕ್ಸೂಚಿ ತೋರಿಸುವ ಉತ್ತರ ದಿಕ್ಕೇ ಸ್ವಲ್ಪ ಸರಿದಿರುತ್ತದೆ, ಅದನ್ನೂ ಲೆಕ್ಕ ಹಾಕಿ ತಿದ್ದಿಕೊಂಡೇ ಅಗೆಸಿದ್ದೆ ಎಂದ. ನೆಲದೊಳಗನ್ನು ನೋಡುವ ಯಂತ್ರ ತರಿಸಿದರೂ ತುಕ್ಕು ಕಂಬಿ ತುಂಬಿದ ಆ ಕಸದ ಮೇಲೆ ಅದು ಬರೀ ಗದ್ದಲ ತೋರಿಸುತ್ತದೆ, ಸರಳು ಒತ್ತಿದರೆ ಇಟ್ಟಿಗೆಗೇ ಠಣ್ಣೆನ್ನುತ್ತದೆ ಎಂದ. ನೀರು ಮಂಡಳಿಯ ಇಂಜಿನಿಯರ್ ಶನಿವಾರದವರೆಗೆ ಸಮಯ ಕೊಟ್ಟಿದ್ದರು, ಅಷ್ಟರೊಳಗೆ ಇನ್ನೊಂದೇ ಗುಂಡಿ. ಸಿಗದಿದ್ದರೆ ನಕ್ಷೆಯಿಂದ ಸಮಾಧಿ ೨ನ್ನು ಅಳಿಸಿ ಸಹಿ ಹಾಕಬೇಕು.

"ಬೇಜಾರು ಮಾಡ್ಕೋಬೇಡಿ ಮೇಡಂ," ಎಂದ. "ಹೂತ ಬಂಡೆಗಳು ಒಂದೊಂದ್ಸಲ ಸುತ್ತಾಗಿ ಬಿದ್ದಿರ್ತವೆ. ಯಾರಿಗಾದ್ರೂ ಹಾಗನ್ನಿಸುತ್ತೆ."

ಬಂಡೆಯಾಗಿದ್ದರೂ ಗುಂಡಿಯಲ್ಲಿ ಸಿಗಬೇಕಿತ್ತಲ್ಲ ಎಂದರು ಅಕ್ಕ. ಆತ ಹೋದ ಮೇಲೆ ತಂಗಿ ಒಂದು ಅಂಗಿಯನ್ನು ಮಡಿಸಿಟ್ಟು, ಇನ್ನೊಂದನ್ನು ಕೈಗೆತ್ತಿಕೊಂಡಳು.

"ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ. ನಿಮ್ಮವರಿಗೆ ಇಲೀನೂ ಸಿಗಲಿಲ್ಲ," ಎಂದಳು. "ಬಿಡೇ ಅಕ್ಕ. ಸತ್ತು ಐದು ಸಾವಿರ ವರ್ಷ ಆದೋರಿಗೆ ಬಾಯಾರಿಕೆ ಆಗಲ್ಲ. ನನಗೆ ಆಗುತ್ತೆ."

ತೊಟ್ಟಿ ಬೇಡ ಎಂದು ಅಕ್ಕನೂ ಹೇಳುತ್ತಿರಲಿಲ್ಲ. ಹೊಲ ದೊಡ್ಡದು, ಸಮಾಧಿ ಎಲ್ಲಿದೆಯೆಂದು ತೋರಿಸಿಕೊಟ್ಟರೆ ತೊಟ್ಟಿಯನ್ನು ಇನ್ನೊಂದು ಮೂಲೆಗೆ ಸರಿಸಬಹುದು. ತೋರಿಸಲಾಗದಿದ್ದರೆ ಎಂಟು ಮೀಟರ್ ಆಳದ ಅಡಿಪಾಯದ ಜೊತೆ, ಎಲ್ಲೋ ಇರುವ ಹನ್ನೊಂದು ಕಲ್ಲೂ, ನಡುವಿನ ಕೋಣೆಯೂ, ಅದರೊಳಗಿನವರೂ ಯಂತ್ರದ ಹಲ್ಲಿಗೆ ಸಿಕ್ಕಿ ಲಾರಿ ಹತ್ತುತ್ತಾರೆ. ಠಣ್ಣೆಂದದ್ದು ಸುಳ್ಳಲ್ಲ. ಹಾಗಾದರೆ ಸುಳ್ಳಾದದ್ದು ಅಳತೆ. ಅಳತೆ ತಮ್ಮದು.

ಮಂಗಳವಾರ ಬೆಳಿಗ್ಗೆ ಕಚೇರಿಯ ದಾಖಲೆ ಕೋಣೆಗೆ ಹೋದರು. ಕಪಾಟಿನಿಂದ ಆ ವರ್ಷದ ಹೊಲದ ಪುಸ್ತಕ ತೆಗೆದು ಕಿಟಕಿ ಪಕ್ಕದ ಮೇಜಿನ ಮೇಲೆ ಬಿಡಿಸಿದರು. ಸಮಾಧಿ ೨ರ ಸಾಲು ಹೀಗಿತ್ತು: ಮುನ್ನೋಟ ನೂರಹನ್ನೆರಡು ಡಿಗ್ರಿ, ಹಿನ್ನೋಟ ಇನ್ನೂರತೊಂಬತ್ತೆರಡು ಡಿಗ್ರಿ, ದೂರ ನೂರನಲವತ್ತು ಮೀಟರ್.

ಇಲ್ಲಿಂದ ಅಲ್ಲಿಗೆ ನೋಡಿ ಹಿಡಿದ ಕೋನ ಮುನ್ನೋಟ. ಆಮೇಲೆ ಅಲ್ಲಿಗೇ ನಡೆದುಹೋಗಿ, ತಿರುಗಿ ನಿಂತು ಇಲ್ಲಿಗೆ ಹಿಡಿದ ಕೋನ ಹಿನ್ನೋಟ. ದಿಕ್ಕು ತಿರುಗಿದ್ದರಿಂದ ಎರಡರ ನಡುವೆ ನೂರ ಎಂಬತ್ತು ಡಿಗ್ರಿ ಅಂತರ ಇರಬೇಕು. ಇದ್ದರೆ ಅಳತೆ ಸರಿ. ಈ ಸಾಲಿನಲ್ಲಿ ಇತ್ತು. ಅಕ್ಕ ಮೂರು ಸಲ ಕೂಡಿ ಕಳೆದು ನೋಡಿದರು. ತಪ್ಪು ಸಿಗಲಿಲ್ಲ. ಪುಸ್ತಕ ಮುಚ್ಚಿ, ಕನ್ನಡಕ ಒರೆಸಿ, ಮತ್ತೆ ತೆರೆದು, ಈ ಸಲ ಆ ಒಂದು ಸಾಲನ್ನು ಬಿಟ್ಟು ಉಳಿದ ಸಾಲುಗಳನ್ನು ಓದತೊಡಗಿದರು.

ಒಂದರ ಅಂತರ ನೂರ ಎಂಬತ್ತೂವರೆ. ಮುಂದಿನದು ನೂರ ಎಪ್ಪತ್ತೊಂಬತ್ತೂವರೆ. ಅದರ ಮುಂದಿನದು ನೂರ ಎಂಬತ್ತೊಂದು. ಗಾಳಿ ಬೀಸುತ್ತದೆ, ಕೈ ನಡುಗುತ್ತದೆ, ಮುಳ್ಳು ನಿಲ್ಲುವುದರೊಳಗೆ ಕಣ್ಣು ಓದಿಬಿಡುತ್ತದೆ. ನಿಜವಾಗಿ ಅಳೆದ ಕೋನಗಳು ಹಾಗೆ ಅಲ್ಲಿಷ್ಟು ಇಲ್ಲಿಷ್ಟು ತಪ್ಪುತ್ತವೆ. ಪುಸ್ತಕದಲ್ಲಿ ನಲವತ್ತಮೂರು ಜೋಡಿಗಳಿದ್ದವು. ಅವುಗಳಲ್ಲಿ ಮೂವತ್ತೆಂಟು ಇಂಥವೇ. ಅರ್ಧ ಡಿಗ್ರಿಯೂ ಆಚೀಚೆಯಾಗದೆ ನೂರ ಎಂಬತ್ತಕ್ಕೆ ಸರಿಯಾಗಿ ಕೂತವು ಐದು. ಐದೂ ಒಂದೇ ದಿನದವು. ಆ ದಿನ ಅಳೆದವುಗಳಲ್ಲಿ ಸಮಾಧಿ ೨ ಕೊನೆಯದು.

ಆ ದಿನ ಅವರು ಹಿನ್ನೋಟ ಹಿಡಿದೇ ಇರಲಿಲ್ಲ. ಮುನ್ನೋಟಕ್ಕೆ ನೂರ ಎಂಬತ್ತು ಕೂಡಿಸಿ, ಅಂಕಣ ತುಂಬಿಸಿ, ಮನೆಗೆ ಹೋಗಿದ್ದರು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವರು ಹತ್ತು ಮಾರು ದೂರದಿಂದಲೇ ಹಿಡಿಯುತ್ತಿದ್ದರು. ತಮ್ಮ ಅಕ್ಷರವೆಂದು ಮೂವತ್ತು ವರ್ಷ ಅನುಮಾನಿಸಿರಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂಬುದು ನೆನಪಿಗೆ ಬರಲಿಲ್ಲ. ಆದ್ದರಿಂದ ಸರಳಿನಣ್ಣನ ಮನೆಗೆ ಹೋದರು. ಎಪ್ಪತ್ತೆಂಟರ ಸರಳಿನಣ್ಣ ಜಗಲಿಯಲ್ಲಿ ಕುರ್ಚಿಗೆ ಬೆತ್ತ ಹೆಣೆಯುತ್ತ ಕೂತಿದ್ದರು. ಅಕ್ಕ ತಾರೀಖು ಹೇಳಿದರು. ಸರಳಿನಣ್ಣ ತಾರೀಖನ್ನು ಪಕ್ಕಕ್ಕೆ ತಳ್ಳಿ, ಬಳೆ ಸಿಕ್ಕಿದ ಮಾರನೇ ದಿನವೇ ಎಂದು ಕೇಳಿದರು. ಹೌದು ಎಂದಾಗ ಬಾಯಿ ತೆರೆದು ಎಡಗಡೆಯ ಖಾಲಿ ಜಾಗ ತೋರಿಸಿದರು. ಆ ದಿನ ಅವರು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದರು. ಹೊಲ ಬಿಟ್ಟುಕೊಡಲು ಅದೇ ಕೊನೆಯ ದಿನವಾದ್ದರಿಂದ ಅಕ್ಕ ಒಬ್ಬರೇ ಹೋಗಿದ್ದರು.

"ಟೇಪು, ಗೂಟ, ಸರಳು ಎಲ್ಲಾ ನೀವೇ ಹೊತ್ಕೊಂಡು ಹೋಗಿದ್ರಿ," ಎಂದರು ಸರಳಿನಣ್ಣ. "ಮಾರನೇ ದಿನ ನನಗೆ ದವಡೆ ನೋವು, ನಿಮಗೆ ಭುಜ ನೋವು. ಇಬ್ಬರೂ ಒಂದೇ ಮಾತ್ರೇಲಿ ಅರ್ಧರ್ಧ ನುಂಗಿದ್ವಲ್ಲ."

"ಸರಳು ಯಾಕೆ ಹೊತ್ತೆ ನಾನು?"

"ಇನ್ನೊಂದ್ಸಲ ಒತ್ತಿ ನೋಡ್ಬೇಕು ಅಂತ ಆಸೆ. ನೆಲಕ್ಕೆ ಇಟ್ಟರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ಭಯ. ಹೊಸ ಸರಳು ಅದು."

ಅಕ್ಕನಿಗೆ ಈಗ ಕಣ್ಣಿಗೆ ಕಟ್ಟಿತು. ಮಧ್ಯಾಹ್ನ ಇಳಿಯುವ ಹೊತ್ತು, ಐದೂ ಹತ್ತರ ಬಸ್ಸು, ಅದು ತಪ್ಪಿದರೆ ಏಳು ಗಂಟೆಯವರೆಗೆ ಇನ್ನೊಂದಿಲ್ಲ. ಎರಡು ಕೈಯಲ್ಲಿ ದಿಕ್ಸೂಚಿ ಹಿಡಿಯಬೇಕು. ಸರಳು ಎಡ ತೋಳಿನ ಸಂದಿಯಲ್ಲಿ ಭುಜಕ್ಕೆ ಒರಗಿಕೊಂಡಿತ್ತು. ಒಂದೂವರೆ ಮೀಟರ್ ಉಕ್ಕು, ಮುಳ್ಳಿನಿಂದ ಒಂದು ಗೇಣು ದೂರದಲ್ಲಿ. ದಿಕ್ಸೂಚಿ ಹಿಡಿದವರ ಹತ್ತಿರ ಬೀಗದ ಕೈ ಗೊಂಚಲೂ ಇರಬಾರದೆಂದು ಪ್ರತಿ ಹಂಗಾಮಿನ ಮೊದಲ ದಿನ ಎಲ್ಲರಿಗೂ ಪಾಠ ಹೇಳುತ್ತಿದ್ದವರು ಅವರೇ. ನಡೆದುಹೋಗಿ ಹಿನ್ನೋಟ ಹಿಡಿದಿದ್ದರೆ ಸರಳಿನ ಎಳೆತ ಬೇರೆಯಾಗಿ ಅಂತರ ತಪ್ಪುತ್ತಿತ್ತು. ತಪ್ಪು ಅಲ್ಲೇ ಕೂಗಿ ಹೇಳುತ್ತಿತ್ತು. ಬಸ್ಸಿಗಾಗಿ ಅದರ ಬಾಯಿಗೆ ಬಟ್ಟೆ ತುರುಕಿದ್ದರು.

ಅಕ್ಕ ಎಲ್ಲ ವಿವರಿಸಿದ ಮೇಲೆ, ಕಚೇರಿಗೆ ಹೇಳದಿದ್ದರೆ ಏನಾಗುತ್ತೆ ಎಂದು ಸರಳಿನಣ್ಣ ಬೆತ್ತ ಎಳೆಯುತ್ತ ವಿಚಾರಿಸಿದರು. ಬಂಡೆ ಇತ್ತು, ಭ್ರಮೆ ಆಯಿತು ಎಂದರೆ ಯಾರೂ ಬೆರಳು ತೋರಿಸುವುದಿಲ್ಲ. ಆದರೆ ಅಳೆಯದ್ದನ್ನು ಅಳೆದೆನೆಂದು ಬರೆದದ್ದು ಹೊರಗೆ ಬಂದರೆ?

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಯೋಚನೆ ಮಾಡಿ," ಎಂದರು.

"ಮಾನ ನಂದು ಅಣ್ಣಾ. ಸಮಾಧಿ ನಂದಲ್ಲ."

ಬುಧವಾರ ಕಚೇರಿ ತೆರೆಯುವ ಮೊದಲೇ ಅಕ್ಕ ಬಾಗಿಲಲ್ಲಿದ್ದರು. ಅಧಿಕಾರಿಯ ಮುಂದೆ ಪುಸ್ತಕ ಬಿಡಿಸಿ ಆ ಐದು ಜೋಡಿಗಳನ್ನು ತೋರಿಸಿದರು. ಆತ ಅಂಕಿಗಳನ್ನು ನೋಡಿ, ಇವೇ ಎಲ್ಲಕ್ಕಿಂತ ಸರಿಯಾಗಿವೆಯಲ್ಲ ಎಂದ. ಅದೇ ಕಾಯಿಲೆ ಎಂದರು ಅಕ್ಕ. ಆಮೇಲೆ ಬಸ್ಸಿನಿಂದ ಹಿಡಿದು ಸರಳಿನವರೆಗೆ ಎಲ್ಲ ಹೇಳಿದರು. ಹೇಳುವಾಗ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಆತ ಆ ಪುಟವನ್ನು ಮತ್ತೊಮ್ಮೆ ಮೇಲಿನಿಂದ ಓದಿದ. ಅಕ್ಕನ ಪುಸ್ತಕಗಳನ್ನು ಓದಿಯೇ ಆತ ಅಳತೆ ಕಲಿತದ್ದು.

"ಕಬ್ಬಿಣ ಅಂದ್ರೇನು ಅಂತಲೇ ಗೊತ್ತಿಲ್ಲದ ಜನ ಕಟ್ಟಿದ್ದು," ಎಂದ ಕೊನೆಗೆ. "ಅದನ್ನ ಕಬ್ಬಿಣ ಬಚ್ಚಿಡ್ತಲ್ಲ ಮೇಡಂ."

ಸರಳು ಉಗ್ರಾಣದಲ್ಲಿ ಮುರಿದ ಏಣಿಯೊಂದರ ಹಿಂದೆ ಸಿಕ್ಕಿತು. ಗುರುವಾರ ಬೆಳಿಗ್ಗೆ ದೊಡ್ಡ ಮೇಜಿನ ಮೂಲೆಗಲ್ಲಿನ ಪಕ್ಕ ಅಕ್ಕ ನಿಂತರು. ಹೊಲದಲ್ಲಿ ನೆಟ್ಟ ಗೂಟವೊಂದರ ನಿಜವಾದ ಕೋನವನ್ನು ಅಧಿಕಾರಿ ಈಗಿನ ಯಂತ್ರದಲ್ಲಿ ಅಳೆದು, ಚೀಟಿಯಲ್ಲಿ ಬರೆದು, ಅಕ್ಕನಿಗೆ ಹೇಳದೆ ಜೇಬಿನಲ್ಲಿಟ್ಟುಕೊಂಡ. ಅಕ್ಕ ಹಳೆಯ ದಿಕ್ಸೂಚಿ ಹಿಡಿದು, ಸರಳನ್ನು ಎಡ ತೋಳಿಗೆ ಒರಗಿಸಿ ಓದಿದರು. ಸರಳು ಕೆಳಗಿಟ್ಟು, ಹತ್ತು ಹೆಜ್ಜೆ ನಡೆದು, ಮತ್ತೆ ಬಂದು, ಮತ್ತೆ ಒರಗಿಸಿ ಓದಿದರು. ಹಾಗೆ ಹತ್ತು ಸಲ. ಪ್ರತಿ ಸಲವೂ ದಿಕ್ಸೂಚಿ ನಿಜಕ್ಕಿಂತ ಕಡಿಮೆ ತೋರಿಸಿತ್ತು. ಅತಿ ಕಡಿಮೆ ವ್ಯತ್ಯಾಸ ಆರು ಡಿಗ್ರಿ, ಅತಿ ಹೆಚ್ಚು ಎಂಟು, ಸರಾಸರಿ ಏಳು. ಅಂದರೆ ಆ ದಿನದ ನಿಜವಾದ ಕೋನ ನೂರಹನ್ನೆರಡಲ್ಲ, ನೂರಹತ್ತೊಂಬತ್ತರ ಆಸುಪಾಸು. ನೂರನಲವತ್ತು ಮೀಟರ್ ದೂರದಲ್ಲಿ ಏಳು ಡಿಗ್ರಿ ಎಂದರೆ ಬಲಕ್ಕೆ ಹದಿನೇಳು ಮೀಟರ್. ಒಂದು ಡಿಗ್ರಿ ಆಚೀಚೆ ಹಿಡಿದರೂ ಹದಿನೈದಕ್ಕೂ ಇಪ್ಪತ್ತಕ್ಕೂ ನಡುವೆ.

ಆತ ಸಾಕಲ್ಲವೇ ಎಂದ. ಅಕ್ಕ ಸಾಲದು ಎಂದರು. ಹೊಟ್ಟೆಯಲ್ಲಿ ಉತ್ತರ ಇಟ್ಟುಕೊಂಡು ಓದಿದರೆ ಕಣ್ಣು ಸಹಾಯ ಮಾಡಿಬಿಡುತ್ತದೆ. ಗೂಟವನ್ನು ಇನ್ನೂ ಅಳೆಯದ ಪಕ್ಕದ ಜಾಗಕ್ಕೆ ಸರಿಸಿ, ಆತನ ಕೈಗೇ ಸರಳು ಕೊಟ್ಟು, ಹೀಗೆ ಹಿಡಿ ಎಂದು ತೋಳಿಗೆ ಒರಗಿಸಿ, ಆತನಿಂದಲೂ ಹತ್ತು ಸಲ ಓದಿಸಿದರು. ಆಮೇಲೆ ಯಂತ್ರದಲ್ಲಿ ಅಳೆದು ನೋಡಿದರೆ, ಆತನ ವ್ಯತ್ಯಾಸದ ಸರಾಸರಿ ಆರೂ ಮುಕ್ಕಾಲು.

ಗುಂಡಿ ಒಂದೇ, ಶನಿವಾರ ಎರಡು ದಿನ ದೂರ. ಮೊದಲ ಗುಂಡಿಗಳಿಂದ ಬಲಕ್ಕೆ ಹದಿನೇಳು ಮೀಟರ್ ಎಣಿಸಿ, ಅಲ್ಲಿ ಹತ್ತು ಮೀಟರ್ ಉದ್ದಕ್ಕೆ ಗೆರೆ ಹಾಕಿದರು. ಒಂಬತ್ತು ಮೀಟರ್ ಅಗಲದ ಬಳೆಗೆ ಈ ಗೆರೆಯನ್ನು ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ, ಲೆಕ್ಕ ಸರಿಯಿದ್ದರೆ. ಶುಕ್ರವಾರ ಇಡೀ ದಿನ ಕಸದ ಪದರವೇ ಬಂತು: ಇಟ್ಟಿಗೆ, ಒಡೆದ ಕೊಳಾಯಿ, ಬಾಗಿಲಿಲ್ಲದ ಒಂದು ತಿಜೋರಿ. ಕೆಲಸದವರಿಗೆ ತಿಜೋರಿ ನೋಡಿ ಆದ ಸಂತೋಷ ನೋಡಿ ಅಧಿಕಾರಿಗೆ ನಗು ಬಂತು. ಅಕ್ಕ ನಗಲಿಲ್ಲ. ಮಣ್ಣಿನ ಬಣ್ಣವನ್ನೇ ನೋಡುತ್ತಿದ್ದರು.

ಶನಿವಾರ ಹನ್ನೊಂದು ಗಂಟೆಗೆ ಹಳೆಯ ಹೊಲದ ಕಪ್ಪು ಮಣ್ಣು ಸಿಕ್ಕಿತು. ಅಲ್ಲಿಂದ ಸಲಿಕೆ ಬಿಟ್ಟು ಕರಣೆ ಹಿಡಿದರು. ಒಂದು ಗಂಟೆಗೆ ಇಂಜಿನಿಯರ್ ಬಂದರು. ಐವತ್ತು ದಾಟಿದ ಹೆಂಗಸು, ಬೂಟಿಗೆ ಕೆಸರು, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಗುಂಡಿಯ ಅಂಚಿನಲ್ಲಿ ನಿಂತು ಗಡಿಯಾರ ನೋಡಿಕೊಂಡರು. ಲಾಂಡ್ರಿಯನ್ನು ಅರ್ಧ ದಿನ ಮುಚ್ಚಿ ತಂಗಿಯೂ ಬಂದಿದ್ದಳು. ಯಾಕೆ ಬಂದೆ ಎಂದು ಅಕ್ಕ ಕೇಳಿದ್ದಕ್ಕೆ, ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಡಬ್ಬಿ ತೋರಿಸಿದಳು. ಡಬ್ಬಿ ತೆರೆಯಲು ಯಾರಿಗೂ ಪುರುಸೊತ್ತಾಗಲಿಲ್ಲ.

ಎರಡು ಗಂಟೆ ದಾಟಿದ ಮೇಲೆ, ಗುಂಡಿಯ ದಕ್ಷಿಣ ತುದಿಯಲ್ಲಿದ್ದ ಕೆಲಸದವಳೊಬ್ಬಳು ಕರಣೆ ನಿಲ್ಲಿಸಿ, ಇಲ್ಲೊಂದು ಗಟ್ಟಿ ಇದೆ ಎಂದಳು. ಅಧಿಕಾರಿ ಇಳಿದು ಬ್ರಷ್ಷಿನಿಂದ ಮಣ್ಣು ಸರಿಸಿದ. ಬೂದು ಬಣ್ಣದ ಅಂಚು, ಒಂದು ಅಂಗೈ ಅಗಲ. ಬಂಡೆಯ ನೆತ್ತಿಯೂ ಹಾಗೇ ಇರಬಹುದು. ಆತ ಬದಿಯಲ್ಲಿ ಕೆಳಗಿಳಿದ; ಅಂಚು ನೇರವಾಗಿ ಇಳಿಯಿತು. ಇನ್ನೂ ಒಂದು ಗೇಣು ಇಳಿದ, ಇನ್ನೂ ನೇರ. ಚಪ್ಪಡಿ ಮಲಗಿರಲಿಲ್ಲ, ನಿಂತಿತ್ತು. ಅದರ ಬುಡಕ್ಕೆ ಮುಷ್ಟಿ ಗಾತ್ರದ ಕಲ್ಲುಗಳನ್ನು ಒತ್ತಾಗಿ ತುರುಕಿ ಅಲುಗಾಡದಂತೆ ಬಿಗಿ ಮಾಡಿದ್ದರು. ಮಳೆ ನೀರು ಚಪ್ಪಡಿಯನ್ನು ತಂದು ಹಾಕಬಹುದು, ನದಿ ಉರುಳಿಸಬಹುದು. ಬುಡಕ್ಕೆ ಬೆಣೆ ಹಾಕುವುದು ಮಾತ್ರ ಮನುಷ್ಯರ ಕೈ.

"ಬನ್ನಿ ಮೇಡಂ," ಎಂದು ಆತ ಅಕ್ಕನಿಗೆ ಕೈ ಕೊಟ್ಟು ಗುಂಡಿಗೆ ಇಳಿಸಿಕೊಂಡ. ಅಕ್ಕ ಚಪ್ಪಡಿಯನ್ನು ಮುಟ್ಟಲಿಲ್ಲ. ಬೆಣೆಕಲ್ಲುಗಳನ್ನು ಎಡದಿಂದ ಬಲಕ್ಕೆ ಎಣಿಸಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು ಮತ್ತೆ ಎಣಿಸಿದರು. ಮೂವತ್ತು ವರ್ಷದ ಕಣ್ಣೀರನ್ನು ಅವರು ಅಷ್ಟರಲ್ಲೇ ಮುಗಿಸಿದರು.

ಇಂಜಿನಿಯರ್ ಮೇಲೆ ತಮ್ಮ ನಕ್ಷೆ ಬಿಡಿಸಿದ್ದರು. ಎಷ್ಟು ಜಾಗ ಬೇಕು ಎಂದಷ್ಟೇ ಕೇಳಿದರು. ಅಧಿಕಾರಿ ಹೊಲವನ್ನೆಲ್ಲ ಸುತ್ತಿಬರುವಂತೆ ಕೈ ಬೀಸಿದ. ಅಕ್ಕ ಆ ಕೈಯನ್ನು ಹಿಡಿದು ಕೆಳಗಿಳಿಸಿ, ಬಳೆಯ ನಡುವಿನಿಂದ ಸುತ್ತಲೂ ಹದಿನೈದು ಮೀಟರ್ ಸಾಕು ಎಂದರು. ಇಂಜಿನಿಯರ್ ಸ್ಕೇಲು ಇಟ್ಟು ನೋಡಿ, ತೊಟ್ಟಿಯನ್ನು ಉತ್ತರದ ಮೂಲೆಗೆ ಸರಿಸಬಹುದು, ಕೊಳವೆ ಮೂವತ್ತೆಂಟು ಮೀಟರ್ ಹೆಚ್ಚು ಬೇಕಾಗುತ್ತದೆ, ಒಂದು ತಿಂಗಳು ತಡವಾಗುತ್ತದೆ ಎಂದರು. ತಂಗಿ ಅದನ್ನು ಕೇಳಿಸಿಕೊಂಡು ಬೆರಳಲ್ಲಿ ಏನೋ ಎಣಿಸಿದಳು. ಒಂದು ತಿಂಗಳೆಂದರೆ ಹತ್ತು ಸಲ ಡ್ರಮ್ಮು ತುಂಬುವುದು.

"ಹತ್ತು ಸಲ ತಾನೇ," ಎಂದಳು. "ಅವರು ಪಾಪ ಅಷ್ಟು ಕಲ್ಲು ಹೊತ್ತಿದ್ದಾರೆ."

ವರದಿ ಬರೆಯುವಾಗ ಒಂದು ಸಣ್ಣ ಜಗಳವಾಯಿತು. "ಮರು ಸಮೀಕ್ಷೆಯಿಂದ ಸ್ಥಳ ಖಚಿತವಾಯಿತು" ಎಂದು ಬರೆದರೆ ಸಾಕು, ಅದು ಸುಳ್ಳೇನೂ ಅಲ್ಲ ಎಂದು ಅಧಿಕಾರಿ ವಾದಿಸಿದ. ಅಕ್ಕ ಒಪ್ಪಲಿಲ್ಲ. ಆ ದಿನದ ಇನ್ನೂ ನಾಲ್ಕು ಕೋನಗಳು ಆ ಪುಸ್ತಕದಲ್ಲಿದ್ದವು. ನಾಳೆ ಯಾರೋ ಅವನ್ನು ನಂಬಿ ಇನ್ನೊಂದು ಗುಂಡಿ ತೋಡುತ್ತಾರೆ, ಖಾಲಿ ಎಂದು ಸಹಿ ಹಾಕುತ್ತಾರೆ. ಆದ್ದರಿಂದ ಸರಳು, ಬಸ್ಸು, ತುಂಬಿಸಿದ ಅಂಕಣ ಎಲ್ಲವೂ ವರದಿಯ ಮೂರನೇ ಪುಟದಲ್ಲಿ ಅಕ್ಕನದೇ ಅಕ್ಷರದಲ್ಲಿ ಹೋದವು. ಆ ನಾಲ್ಕು ಜಾಗಗಳಿಗೂ ಅವರು ಅಧಿಕಾರಿಯ ಜೊತೆ ಹೋಗಿ ಹೊಸದಾಗಿ ಅಳೆದರು. ಆ ವಾರ ಸರಳಿನಣ್ಣನ ಜಗಲಿಯಲ್ಲಿ ಅಕ್ಕ ಆನೆಯ ಮಾತೆತ್ತಿ, ಆನೆ ಕೊಟ್ಟವರು ಯಾರೂ ಇಲ್ಲ, ಆದರೆ ಕಚೇರಿಯವರು ಮೊದಲಿಗಿಂತ ಹೆಚ್ಚು ನಕ್ಷೆ ತಿದ್ದಲು ಕಳಿಸುತ್ತಿದ್ದಾರೆ ಎಂದು ದೂರಿದರಂತೆ.

ತೊಟ್ಟಿ ಮಾರನೇ ವರ್ಷ ತುಂಬಿತು. ಈಗ ಆ ಬೀದಿಗೆ ನೀರು ದಿನಾ ಬರುತ್ತದೆ. ತಂಗಿ ಹದಿನಾರರಲ್ಲಿ ಹನ್ನೆರಡು ಡ್ರಮ್ಮು ಮಾರಿ ಮೂರನೇ ಯಂತ್ರ ತಂದಿದ್ದಾಳೆ.

ಸಮಾಧಿಯನ್ನು ಮೂರನೇ ವರ್ಷ ತೆರೆದರು, ಅದೂ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲನ್ನು, ಈಗಿಲ್ಲದ ಉಪಕರಣಗಳು ಬರುವ ಕಾಲಕ್ಕೆಂದು ಮುಟ್ಟದೆ ಬಿಟ್ಟಿದ್ದಾರೆ. ಕೋಣೆಯ ಮೂಲೆಯಲ್ಲಿ ಕನಿಷ್ಠ ಒಂಬತ್ತು ಜನರ ಮೂಳೆಗಳು, ಅವರಲ್ಲಿ ಇಬ್ಬರು ಮಕ್ಕಳು, ಉಜ್ಜಿ ಕನ್ನಡಿ ಮಾಡಿದ ಒಂದು ಕಲ್ಲಿನ ಕೊಡಲಿ. ಕೋಣೆಯ ಬಾಗಿಲು ನೇರ ದಿಬ್ಬದ ಕಡೆ, ದೊಡ್ಡ ಮೇಜಿಗೆ ಮುಖ ಮಾಡಿದೆ. ದೊಡ್ಡ ಮೇಜಿನ ಬಾಗಿಲು ಇತ್ತ ನೋಡುವುದಿಲ್ಲ. ಎರಡು ಮನೆಯವರು ನೆಂಟರೋ, ಮೊದಲು ಬಂದವರಿಗೆ ಆಮೇಲೆ ಬಂದವರು ಗೌರವ ಕೊಟ್ಟದ್ದೋ, ಇನ್ನೂ ಗೊತ್ತಿಲ್ಲ. ಮೂಳೆಗಳ ಪರೀಕ್ಷೆ ನಡೆಯುತ್ತಿದೆ. ಅಧಿಕಾರಿ ಇದಕ್ಕೆ ಹತ್ತು ವರ್ಷವಾದರೂ ಬೇಕು ಎನ್ನುತ್ತಾನೆ, ಹೇಳುವಾಗ ಅವನ ಮುಖ ಹಬ್ಬದ ಹಾಗಿರುತ್ತದೆ.

ನಕ್ಷೆ ಬರೆಯಲು ಅಕ್ಕನನ್ನೇ ಕರೆದರು. ಮಂಡಿ ಈಗ ನೆಲಕ್ಕೆ ಬಗ್ಗುವುದಿಲ್ಲವೆಂದು ಚೌಕಟ್ಟಿನ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ದಿಂಬಿಟ್ಟು, ಬೋರಲಾಗಿ ಮಲಗಿ ಬರೆಯುತ್ತಾರೆ. ಮೊನ್ನೆ ಮಕ್ಕಳಿಬ್ಬರ ಮೂಳೆಯಿದ್ದ ಚೌಕ ಬರೆಯುತ್ತಿದ್ದಾಗ ಅಧಿಕಾರಿ ಗುಂಡಿಯ ಅಂಚಿಗೆ ಬಂದು, ಅವರಲ್ಲಿ ಚಿಕ್ಕದರ ಹಲ್ಲಿನಿಂದ ವಯಸ್ಸು ತಿಳಿಯಿತು, ಆರು ವರ್ಷ, ಪತ್ರ ಈಗಷ್ಟೇ ಬಂತು ಎಂದು ಏದುಸಿರು ಬಿಡುತ್ತ ಓದಿ ಹೇಳಿದ. ಅಕ್ಕ ಪೆನ್ಸಿಲ್ ಎತ್ತಿ ಹಿಡಿದು ಪೂರ್ತಿ ಕೇಳಿದರು. ಆರು ವರ್ಷವೇ ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು.

"ಒಳ್ಳೇದಾಯ್ತಪ್ಪಾ," ಎಂದರು. "ಸ್ವಲ್ಪ ಆಚೆ ನಿಂತ್ಕೋ, ಮಗೂ ಮೇಲೆ ನಿನ್ನ ನೆರಳು ಬೀಳ್ತಿದೆ."